ಕರಗದ ಸರೋವರ, ಒಂದು ಪೊಟ್ಟಣ ಎಳ್ಳು

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಈ ಕಥೆಯನ್ನು ಹೀಗೆ ಹೇಳುತ್ತಾರೆ: ಸೆಂಟರ್‌ವಿಲ್‌ನ ಒಬ್ಬರು ಅಂಕಲ್ ದಕ್ಷಿಣ ಧ್ರುವಕ್ಕೆ ಹೋಗಿ, ಯಾವತ್ತೂ ಕರಗದ ಸರೋವರಕ್ಕೆ ತೂತು ಕೊರೆದು, ಆ ತೂತಿನೊಳಗೆ ತಮ್ಮ ತಂದೆಗೆ ತರ್ಪಣ ಬಿಟ್ಟು ಬಂದರು, ಬಂದ ಮೇಲೆ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಒಬ್ಬಳು ಬಾಯಿಬಡುಕಿ ಹುಡುಗಿ ಎಲ್ಲರೆದುರು ಅವರ ಮರ್ಯಾದೆ ತೆಗೆದಳು, ಅವರ ತಾಯಿ ಆ ನೋವಿನಲ್ಲೇ ಮೈಸೂರಿಗೆ ಹೊರಟುಹೋದರು.

ಇದರಲ್ಲಿ ಮೂರು ತಪ್ಪುಗಳಿವೆ. ಅವರು ಹೋದದ್ದು ಧ್ರುವಕ್ಕಲ್ಲ, ಅಲ್ಲಿಂದ ನೂರಾರು ಮೈಲಿ ಈಚೆಗೆ, ಅಂಟಾರ್ಕ್ಟಿಕಾದ ಪರ್ವತಗಳ ನಡುವಿನ ಒಂದು ಕಣಿವೆಗೆ. ಸರೋವರಕ್ಕೆ ತೂತು ಮಾಡಿದ್ದು ನಿಜ, ಅವರನ್ನು ಕರೆದುಕೊಂಡು ಹೋದದ್ದೇ ಅದಕ್ಕೆ; ಆದರೆ ಅದರೊಳಗೆ ತರ್ಪಣ ಬಿಟ್ಟದ್ದು ಸುಳ್ಳು. ತಾಯಿ ಹೊರಟದ್ದು ವೀಸಾದ ಆರು ತಿಂಗಳು ಮುಗಿದದ್ದರಿಂದ. ಬಾಯಿಬಡುಕಿ ಎನ್ನುವುದಕ್ಕೆ ಮಾತ್ರ ನನ್ನ ತಕರಾರಿಲ್ಲ. ಆ ಹುಡುಗಿ ನಾನೇ.

ಹೈಸ್ಕೂಲಿನ ನಾಲ್ಕೂ ವರ್ಷ ಡಿಬೇಟ್ ತಂಡದಲ್ಲಿದ್ದವಳು ನಾನು. ಎದುರಾಳಿಯ ಮಾತಿಗೆ ಉತ್ತರ ಕೊಡದೆ ಬಿಟ್ಟರೆ ಅದನ್ನು ಒಪ್ಪಿಕೊಂಡಂತೆ ಎನ್ನುವುದು ಅಲ್ಲಿ ಕಲಿಸುವ ಮೊದಲ ಪಾಠ. ಐದು ವರ್ಷ ಸುಮ್ಮನಿದ್ದೇನೆ. ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಬಾತಿನ ಟ್ರೇ ಪಕ್ಕ ನಿಂತು ಯಾರೋ ಈ ಕಥೆಯನ್ನು ನನಗೇ ಹೇಳಿದ್ದಾರೆ, ನಾನು ಯಾರೆಂದು ತಿಳಿಯದೆ. ಹೇಳುವಾಗ ಸರೋವರ ಸಲ ಸಲಕ್ಕೂ ದೊಡ್ಡದಾಗುತ್ತದೆ, ನನ್ನ ಬಾಯಿಯೂ.

ಅಂಕಲ್ ನಮ್ಮ ಸಾಲಿನಲ್ಲೇ ಮೂರು ಬಾಗಿಲು ಆಚೆಯ ಟೌನ್‌ಹೌಸ್‌ನಲ್ಲಿದ್ದರು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಅದು ನಮ್ಮ ಅಮ್ಮಂದಿರ ನಡುವೆ ಬೇರೆಯೇ ಚರ್ಚೆ. ಶ್ಯಾಂಟಿಲಿಯ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಅವರ ಕೆಲಸ. ನಮ್ಮ ಬಳಗದ ಬಹುಪಾಲು ಗಂಡಸರು ಕಂಪ್ಯೂಟರ್ ಮುಂದೆ ಕೂರುವವರಾದರೆ ಇವರು ಬೆಸುಗೆ ಹಾಕುವವರು, ಕೊಳವೆ ಬಗ್ಗಿಸುವವರು. ಸಂಜೆ ಅವರ ಬೇಸ್‌ಮೆಂಟಿನಲ್ಲಿ ನಾನು ಭಾಷಣ ಅಭ್ಯಾಸ ಮಾಡುತ್ತಿದ್ದೆ. ನಮ್ಮ ಮನೆಯಲ್ಲಿ ಟಿವಿ ಸದ್ದು. ಅಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರುವ ಅಂಕಲ್. ಎಂಟು ನಿಮಿಷದ ಭಾಷಣ ಮುಗಿದ ಮೇಲೆ ಅವರು ಹೇಳುತ್ತಿದ್ದುದು ಒಂದೇ: "ನಾಲ್ಕನೇ ನಿಮಿಷದಲ್ಲಿ ನೀನು ಹೇಳಿದ್ದನ್ನ ನೀನೇ ನಂಬಿರ್ಲಿಲ್ಲ. ಅದನ್ನ ಕಟ್ ಮಾಡು." ನನಗೆ ಸಂಶಯ ಪಡುವುದನ್ನು ಕಲಿಸಿದವರು ಶಾಲೆಯ ಕೋಚ್ ಎಂದು ನಾನು ಕಾಲೇಜಿನ ಅರ್ಜಿಯಲ್ಲಿ ಬರೆದಿದ್ದೇನೆ. ಅದೂ ತಪ್ಪೇ.

ನಾನು ಹತ್ತನೇ ತರಗತಿ ಮುಗಿಸಿದ ಬೇಸಿಗೆಯ ಕೊನೆಗೆ ಮೈಸೂರಿನಿಂದ ಅವರ ತಾಯಿ ಬಂದರು. ಅವರನ್ನು ನಾನು ಅಜ್ಜಿ ಎನ್ನುತ್ತಿದ್ದೆ. ನಾನು ಹನ್ನೊಂದು ವರ್ಷದವರೆಗೆ ಮೈಸೂರಿನಲ್ಲೇ ಬೆಳೆದವಳಾದ್ದರಿಂದ ಅಜ್ಜಿಗೆ ನನ್ನೊಡನೆ ಮಾತಾಡಲು ಅಡ್ಡಿಯಿರಲಿಲ್ಲ. ಅವರೂ ಬೇಸ್‌ಮೆಂಟಿಗೆ ಬಂದು ಕೂರುತ್ತಿದ್ದರು. ಇಂಗ್ಲಿಷ್ ಬಾರದು. ಆದರೆ ತೀರ್ಪು ಕೊಡದೆ ಏಳುತ್ತಿರಲಿಲ್ಲ.

"ಇವತ್ತು ಸೋತೆ ಕಣೇ, ಲಾಯರಮ್ಮ."

"ಅಜ್ಜಿ, ನಿಮಗೆ ಒಂದು ವರ್ಡ್ ಕೂಡ ಅರ್ಥ ಆಗಿಲ್ಲ!"

"ಅರ್ಥ ಯಾಕೆ ಬೇಕು? ಮೂರು ಸಲ ಉಗುಳು ನುಂಗಿದೆ. ಸತ್ಯ ಹೇಳೋರಿಗೆ ಅಷ್ಟು ಉಗುಳು ಬರಲ್ಲ."

ಆ ಚಳಿಗಾಲ, ಅಂದರೆ ಅಲ್ಲಿಯ ಬೇಸಿಗೆ, ಅಂಕಲ್ ಆರು ವಾರ ಅಂಟಾರ್ಕ್ಟಿಕಾಕ್ಕೆ ಹೋಗುವುದೆಂದು ಗೊತ್ತಾಯಿತು. ವಿಜ್ಞಾನಿಗಳ ಒಂದು ತಂಡಕ್ಕೆ ಅವರು ಯಂತ್ರ ಮಾಡಿಕೊಟ್ಟಿದ್ದರು. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ, ಅದರೊಳಗೆ ಬಿಸಿ ದ್ರವ ಹರಿಸಿ, ಮಂಜುಗಡ್ಡೆಯ ಮೇಲಿಟ್ಟರೆ ಅದು ನಿಧಾನವಾಗಿ ಕರಗಿಸುತ್ತ ಕೆಳಗಿಳಿಯುತ್ತದೆ. ಕೆಳಗೆ, ಒಂದು ಅಂತಸ್ತಿನ ಮನೆಯಷ್ಟು ದಪ್ಪದ ಮಂಜಿನ ಅಡಿಯಲ್ಲಿ, ನೀರು ನೀರಾಗಿಯೇ ಇದೆಯಂತೆ. ಯಾವ ಬೇಸಿಗೆಯೂ ಆ ಮುಚ್ಚಳ ತೆಗೆದಿಲ್ಲ. ದಡದ ಸುತ್ತ ಒಂದು ತೆಳು ಅಂಚು ಕೆಲವು ವಾರ ಕರಗುತ್ತದೆ, ಬೆಟ್ಟದ ಮೇಲಿನ ಹಿಮನದಿಯಿಂದ ಒಂದು ಸಣ್ಣ ಧಾರೆ ಇಳಿಯುತ್ತದೆ, ಅಷ್ಟೇ.

ಬೇಸ್‌ಮೆಂಟಿನ ಮೇಜಿನ ಮೇಲಿದ್ದ ಸುರುಳಿಯನ್ನು ಅಜ್ಜಿ ಬೆರಳಿನಿಂದ ತಟ್ಟಿ ನೋಡಿದರು.

"ಇದು ಸ್ನಾನಕ್ಕೆ ಬಕೆಟ್‌ಗೆ ಹಾಕೋ ಕಾಯಿಲ್ ತಾನೇ?"

"ಹೌದಮ್ಮ, ಅದೇ ಕಾಯಿಲ್. ಬಕೆಟ್ ಸ್ವಲ್ಪ ದೊಡ್ಡದು."

ಅಕ್ಟೋಬರ್‌ನ ಒಂದು ಬೆಳಿಗ್ಗೆ ಅಜ್ಜಿ ಮೈಸೂರಿನಿಂದ ತಂದಿದ್ದ ಪಂಚಾಂಗವನ್ನು ಮೊಳೆಯಿಂದ ಇಳಿಸಿ ಪುಟ ತಿರುಗಿಸುತ್ತಿದ್ದರು. ನಾನು ಶಾಲೆಯ ಬಸ್ಸಿಗೆ ಮುಂಚೆ ಅವರ ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೆ. ಅಂಕಲ್ ತಂದೆಯ ಶ್ರಾದ್ಧದ ತಿಥಿ ಡಿಸೆಂಬರ್‌ನಲ್ಲಿ ಬೀಳುತ್ತಿತ್ತು, ಸರಿಯಾಗಿ ಅವರು ಸರೋವರದ ಮೇಲಿರುವ ಹೊತ್ತಿಗೆ.

ಅಜ್ಜಿ ಗಾಬರಿಯಾಗಲಿಲ್ಲ. ಅವರ ಮೈದುನನ ಮಗ ಮೈಸೂರಿನಲ್ಲಿದ್ದ. ಒಂದು ಕಾಗದ ಹಾಕಿದರೆ ಅವನು ಮಾಡುತ್ತಾನೆ, ಅದಕ್ಕೆ ಶಾಸ್ತ್ರದಲ್ಲಿ ಅವಕಾಶವಿದೆ ಎಂದರು.

"ಬೇಡಮ್ಮ," ಎಂದರು ಅಂಕಲ್. "ನಾನೇ ಮಾಡ್ತೀನಿ."

"ಆ ಐಸ್ ಮೇಲಾ?"

"ಐಸ್ ಕೆಳಗೆ ನೀರಿದೆಯಲ್ಲ."

"ಮಾಡ್ತೀಯೋ, ಮಾಡ್ತೀನಿ ಅಂತೀಯೋ? ಈಗಲೇ ಹೇಳಿಬಿಡು. ನಿನ್ನ ಮಾತು ನಂಬಿ ನಾನು ಅವನಿಗೆ ಬರೆಯದೆ ಕೂತು, ಆಮೇಲೆ ಎರಡೂ ಇಲ್ಲ ಅಂತ ಆಗಬಾರದು."

"ಮಾಡ್ತೀನಿ ಅಂದ್ನಲ್ಲಮ್ಮ."

ಅಜ್ಜಿ ಕಾಗದ ಬರೆಯಲಿಲ್ಲ. ಅಂಕಲ್ ಹೊರಡುವ ದಿನ ಕರಿ ಎಳ್ಳಿನ ಒಂದು ಪೊಟ್ಟಣ, ದರ್ಭೆಯ ಒಂದು ಪವಿತ್ರ, ತಿಥಿಯ ದಿನ ಬರೆದ ಒಂದು ಚೀಟಿ, ಇಷ್ಟನ್ನು ಅಜ್ಜಿ ಮಗನ ಚೀಲದ ಮಸಾಲೆ ಡಬ್ಬಿಗಳ ನಡುವೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟೇ ನಡೆದದ್ದು. ಉಳಿದುದನ್ನೆಲ್ಲ ಜನ ಕಟ್ಟಿದರು. ಅವರು ವಿಮಾನ ಹತ್ತಿದ ವಾರದಲ್ಲೇ ನಮ್ಮ ಬಳಗದಲ್ಲಿ ಸುದ್ದಿ ತಿರುಗಿತು, ಧ್ರುವದಲ್ಲಿ ಶ್ರಾದ್ಧ ಮಾಡುವ ಮೊದಲ ಕನ್ನಡಿಗ ಎಂದು. ಫೋನಿನಲ್ಲಿ ಅಮ್ಮನೂ ಇಬ್ಬರಿಗೆ ಹಾಗೇ ಹೇಳಿದಳು. ಮೊದಲನೆಯವರು ಎಂದು ಹೇಗೆ ಗೊತ್ತು ಎಂದು ನಾನು ಕೇಳಿದ್ದಕ್ಕೆ, "ಬೇರೆ ಯಾರು ಹೋಗ್ತಾರೆ ಅಲ್ಲಿಗೆ? ನಿನ್ನ ಹಾಗೆ ಎಲ್ಲದಕ್ಕೂ ಪ್ರೂಫ್ ಕೇಳ್ತಾ ಕೂತ್ರೆ ಅಡುಗೆ ಆಗಲ್ಲ," ಎಂದಳು.

ಅಂಕಲ್ ಜನವರಿಯ ಮೊದಲ ವಾರ ಬಂದರು. ಮೂಗು ಸುಲಿದಿತ್ತು, ಗಡ್ಡ ಬಂದಿತ್ತು. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಸ್ಲೈಡ್ ತೋರಿಸಬೇಕೆಂದು ಸಂಘದವರು ಒತ್ತಾಯಿಸಿದರು. ಹಿಂದಿನ ದಿನ ಸ್ಲೈಡುಗಳನ್ನು ಜೋಡಿಸಲು ನಾನು ಹೋದೆ. ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡುತ್ತಿದ್ದೆ. ಸರೋವರವೆಂದರೆ ನಾನು ಅಂದುಕೊಂಡಿದ್ದು ಸ್ಕೇಟಿಂಗ್ ರಿಂಕಿನಂಥ ನುಣುಪು. ಇದು ಉತ್ತು ಬಿಟ್ಟ ಹೊಲದಂತಿತ್ತು: ಏಣು, ಗುಳಿ, ಗಾಳಿ ಕೆತ್ತಿದ ಅಲಗುಗಳು. ಮರಳಿನ ಕಾಳು ಬಿಸಿಲಿಗೆ ಕಾದು ಮಂಜಿನೊಳಗೆ ತಾನೇ ದಾರಿ ಮಾಡಿಕೊಂಡು ಇಳಿಯುತ್ತದಂತೆ. ಸುತ್ತ ಬೆಟ್ಟಗಳ ಮೇಲೆ ಹಿಮವಿಲ್ಲ, ಬರೀ ಕಂದು ಕಲ್ಲು. ಒಂದು ಸ್ಲೈಡಿನಲ್ಲಿ ಸತ್ತ ಸೀಲ್ ಪ್ರಾಣಿ, ಚರ್ಮ ಚಕ್ಕಳವಾಗಿ ಹಾಗೇ ಬಿದ್ದಿತ್ತು. ಎಷ್ಟೋ ಕಾಲದಿಂದ ಅದು ಅಲ್ಲೇ ಇದೆ, ಕೊಳೆಯುವುದಿಲ್ಲ ಎಂದರು ಅಂಕಲ್.

ಇನ್ನೊಂದರಲ್ಲಿ ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳು.

"ಇದೇನು ಅಂಕಲ್, ಪೆಟ್ರೋಲಾ?"

"ವೇಸ್ಟ್. ಅಲ್ಲಿ ಏನೂ ಬಿಡೋ ಹಾಗಿಲ್ಲಮ್ಮ. ತಟ್ಟೆ ತೊಳೆದ ನೀರು, ಹಲ್ಲುಜ್ಜಿ ಉಗಿದಿದ್ದು, ಒಂದೊಂದು ತೊಟ್ಟು ಉಚ್ಚೆ, ಎಲ್ಲಾ ಡ್ರಮ್‌ಗೆ. ಡ್ರಮ್ ಹೆಲಿಕಾಪ್ಟರ್‌ಗೆ. ಆಮೇಲೆ ಹಡಗಲ್ಲಿ ವಾಪಸ್ ಅಮೆರಿಕಾಕ್ಕೆ."

ನನ್ನ ತಲೆಯಲ್ಲಿ ಪಟ್ಟನೆ ಎರಡು ವಾಕ್ಯಗಳು ಎದುರುಬದುರು ನಿಂತವು. ಏನೂ ಬಿಡುವ ಹಾಗಿಲ್ಲ. ಸರೋವರದಲ್ಲಿ ತರ್ಪಣ ಬಿಟ್ಟರು. ಎರಡೂ ನಿಜವಾಗಲು ಸಾಧ್ಯವಿಲ್ಲ.

ಮೇಲೆ ಅಡುಗೆಮನೆಯಲ್ಲಿ ಅಜ್ಜಿ ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದರು. ನಾನು ಏನೂ ಹೇಳುವ ಮುಂಚೆ ಅವರೇ ಮಾತು ತೆಗೆದರು. ಇದನ್ನು ಕಥೆ ಹೇಳುವವರು ಯಾರೂ ಹೇಳುವುದಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ.

"ಪುಟ್ಟಿ, ಬಂದಾಗಿಂದ ನೋಡ್ತಿದೀನಿ. ಅಪ್ಪನ ಕೆಲಸ ಆಯ್ತೇನೋ ಅಂದ್ರೆ ಹೂಂ ಅಂತಾನೆ. ಹೇಗಾಯ್ತೋ ಅಂದ್ರೆ ಎದ್ದು ಹೋಗ್ತಾನೆ. ನೀನು ಕೇಳು."

"ನೀವೇ ಕೇಳಿ ಅಜ್ಜಿ. ನೀವು ಮದರ್."

"ಅದಕ್ಕೇ ನನಗೆ ಹೂಂ ಅಂತಾನೆ. ನಿನಗೆ ಬಿಡಿಸಿ ಬಿಡಿಸಿ ಕೇಳೋದು ಗೊತ್ತಲ್ಲ." ಕತ್ತಿ ಕೆಳಗಿಟ್ಟರು. "ತಪ್ಪಿದ ತಿಥಿಗೆ ಅಮಾವಾಸ್ಯೆ ದಿನ ಮಾಡೋಕೆ ದಾರಿ ಇದೆ. ಒಂದು ಅಮಾವಾಸ್ಯೆ ಆಗಲೇ ಹೋಯ್ತು. ಈ ಬುಧವಾರ ಇನ್ನೊಂದು. ಆಗಿಲ್ಲ ಅಂದ್ರೆ ಅವತ್ತು ಮಾಡಿಸ್ತೀನಿ. ಆಗಿದೆ ಅಂದ್ರೆ ನನ್ನ ಮನಸ್ಸು ನಿಲ್ಲತ್ತೆ. ಎರಡರಲ್ಲಿ ಒಂದು ಗೊತ್ತಾಗಬೇಕು ಅಷ್ಟೇ. ಹನ್ನೊಂದು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ ಕಣೇ."

ಕೇಳು ಎಂದರು. ಎಲ್ಲಿ ಕೇಳು ಎನ್ನಲಿಲ್ಲ. ಬೇಸ್‌ಮೆಂಟಿಗೆ ಇಳಿದು ಕೇಳಬಹುದಿತ್ತು, ಅದಕ್ಕೆ ಹದಿಮೂರು ಮೆಟ್ಟಿಲು. ನಾನು ಇಳಿಯಲಿಲ್ಲ. ನಾಳೆ ಒಂದು ಸಭೆ ಇದೆ, ಪ್ರಶ್ನೋತ್ತರ ಇದೆ, ನನ್ನ ಹತ್ತಿರ ಯಾರೂ ಮುರಿಯಲಾಗದ ಒಂದು ವಾದ ಇದೆ. ಹದಿನಾರು ವರ್ಷದ ಡಿಬೇಟರ್‌ಗೆ ಇಷ್ಟು ಸಾಕು. ಇದು ನನ್ನ ಪಾಲಿನ ತಪ್ಪು, ಇದನ್ನು ಮುಚ್ಚಿಡುವುದಿಲ್ಲ.

ಬಾಡಿಗೆಗೆ ಪಡೆದ ಶಾಲೆಯ ಕೆಫೆಟೇರಿಯಾ. ಊಟವಾದ ಮೇಲೆ ಪರದೆ ಇಳಿಸಿ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದರು. ನಿರೂಪಕರು ಅಂಕಲ್ ಅವರನ್ನು ಪರಿಚಯಿಸುತ್ತ, ಗಂಗೆಗೂ ಕಾವೇರಿಗೂ ಸಿಗದ ಭಾಗ್ಯ ಆ ಧ್ರುವದ ಸರೋವರಕ್ಕೆ ಸಿಕ್ಕಿತು ಎಂದೆಲ್ಲ ಹೇಳಿದರು. ಅಂಕಲ್ ಅದನ್ನು ತಿದ್ದಲಿಲ್ಲ. ಸ್ಲೈಡುಗಳನ್ನು ತೋರಿಸಿದರು, ಡ್ರಮ್ಮಿನ ವಿಷಯವನ್ನೂ ಹೇಳಿದರು, ಜನ ನಕ್ಕರು. ಪ್ರಶ್ನೆಗಳಿವೆಯೇ ಎಂದಾಗ ನಾನು ಎದ್ದು ನಿಂತೆ.

"ಅಂಕಲ್, ಆ ಲೇಕ್‌ಗೆ ಏನೂ ಹಾಕೋ ಹಾಗಿಲ್ಲ ಅಂದ್ರಲ್ಲ?"

"ಹೌದು."

"ಒಂದು ಡ್ರಾಪ್ ಸೋಪು ನೀರೂ ಇಲ್ಲ?"

"ಇಲ್ಲ."

"ಒಂದು ಕಾಳು ಎಳ್ಳೂ ಇಲ್ಲ?"

ಅವರು ನನ್ನನ್ನು ನೋಡಿದರು. ಅಷ್ಟು ಹೊತ್ತಿಗೆ ಅವರಿಗೆ ಗೊತ್ತಾಗಿತ್ತು. ಎದುರಾಳಿಯಿಂದ ಸಣ್ಣ ಸಣ್ಣ ಹೌದು ಕೇಳಿ ಪಡೆದು ಕೊನೆಗೆ ಬಾಗಿಲು ಹಾಕುವ ಈ ವಿದ್ಯೆಯನ್ನು ನಾನು ಅಭ್ಯಾಸ ಮಾಡಿದ್ದು ಅವರ ಸ್ಟಾಪ್‌ವಾಚಿನ ಮುಂದೆಯೇ.

"ಹಾಗಾದ್ರೆ ತರ್ಪಣ ಎಲ್ಲಿ ಬಿಟ್ರಿ?"

ಅಮ್ಮ ನನ್ನ ಚೂಡಿದಾರದ ಅಂಚು ಹಿಡಿದು ಜಗ್ಗಿದಳು. "ಕೂತ್ಕೊಳೇ." ಅಂಕಲ್ ಗುಂಡಿ ಒತ್ತಿದರು. ಪರದೆಯ ಮೇಲೆ ಸತ್ತ ಸೀಲ್ ಬಂತು. "ಇದು ಸೀಲ್," ಎಂದರು.

ನನಗೆ ಆ ಕ್ಷಣ ಖುಷಿಯಾಯಿತು. ಸುಳ್ಳು ಹೇಳುವುದೇಕೆ?

ಅಜ್ಜಿ ಅತ್ತರು ಎನ್ನುತ್ತಾರೆ. ಅಳಲಿಲ್ಲ. ಮುಂದಿನ ಸಾಲಿನಲ್ಲಿ ಮಡಿಲಲ್ಲಿ ಎಳ್ಳು-ಬೆಲ್ಲದ ಪೊಟ್ಟಣಗಳ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಆಮೇಲೆ ಅದನ್ನು ಹಂಚುತ್ತ ನನ್ನ ಹತ್ತಿರ ಬಂದು ಕೈಗೊಂದು ಪೊಟ್ಟಣವಿಟ್ಟು, ಮೆಲ್ಲಗೆ, "ಕೇಳು ಅಂದಿದ್ದೆ. ಡಂಗುರ ಸಾರು ಅಂದಿರ್ಲಿಲ್ಲ," ಎಂದರು. ಆ ಮಾತು ಚುಚ್ಚಿತು.

ಮಾರನೆಯ ದಿನ ಭಾನುವಾರ. ಸೋಮವಾರ ಶಾಲೆಗಳಿಗೆ ರಜೆ, ನಾರ್ತ್ ಕೆರೊಲಿನಾದಲ್ಲಿ ಒಂದು ದಿನದ ಡಿಬೇಟ್ ಟೂರ್ನಮೆಂಟ್. ನನ್ನನ್ನು ಕರೆದುಕೊಂಡು ಹೋಗುವುದಾಗಿ ಅಂಕಲ್ ತಿಂಗಳುಗಳ ಹಿಂದೆಯೇ ಒಪ್ಪಿದ್ದರು. ಅಲ್ಲೊಂದು ದೇವಸ್ಥಾನ ನೋಡಲು ಅಜ್ಜಿಯೂ ಬರುವುದೆಂದಾಗಿತ್ತು. ಇನ್ನು ಅವರು ಬರುವುದಿಲ್ಲ, ಯಾವ ಮುಖ ಇಟ್ಟುಕೊಂಡು ಕೇಳುವುದು ಎಂದು ಅಮ್ಮ ರಾತ್ರಿಯಿಡೀ ಹೇಳಿದಳು. ಬೆಳಿಗ್ಗೆ ಎಂಟಕ್ಕೆ ಹೊರಗೆ ಹಾರ್ನ್ ಆಯಿತು. ನನ್ನ ಪುರಾವೆ ಕಾಗದಗಳ ಪ್ಲಾಸ್ಟಿಕ್ ಡಬ್ಬಗಳನ್ನು ಅಂಕಲ್ ಡಿಕ್ಕಿಗೆ ಹಾಕಿದರು. ಅಜ್ಜಿ ಹಿಂದಿನ ಸೀಟಿನಲ್ಲಿ, ಮೊಸರನ್ನದ ಡಬ್ಬಿ ಹಿಡಿದುಕೊಂಡು ಕೂತಿದ್ದರು.

ರಿಚ್ಮಂಡ್ ದಾಟಿದೆವು. ಆಮೇಲೆ ಹಿಂದಿನಿಂದ ಅಜ್ಜಿ: "ನಿನ್ನೆ ಹುಡುಗಿ ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ."

ಅಂಕಲ್ ಲೇನ್ ಬದಲಿಸಿದರು. "ಮಾಡಿದೀನಮ್ಮ."

"ಲೇಕ್‌ನಲ್ಲಾ?" ಎಂದೆ ನಾನು.

"ನೀನು ಸುಮ್ನಿರೇ," ಎಂದರು ಅಜ್ಜಿ. "ನೀನು ಹೇಳೋ."

ಅವರು ಹೇಳಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಕ್ಯಾಂಪಿನ ದಿನಾಂಕ ವರ್ಜೀನಿಯಾಕ್ಕಿಂತ ಒಂದು ದಿನ ಮುಂದೆ. ಅದನ್ನು ಕಳೆದು ಲೆಕ್ಕ ಹಾಕಿ ತಿಥಿಯ ದಿನ ಹಿಡಿದರು. ಊಟದ ಹೊತ್ತಿಗೆ ಉಳಿದ ಮೂವರು ದಡದ ಕಡೆ ಹೋಗಿದ್ದಾಗ ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಸರೋವರದ ಮೇಲೆ ನಡೆದು ತೂತಿನ ಹತ್ತಿರ ಹೋದರು. ನೀರು ಅಂಚಿನಿಂದ ಒಂದು ಗೇಣು ಕೆಳಗಿತ್ತು. ನೀಲಿ ಕೊಳವೆಯಂತೆ ಕೆಳಗೆ, ಕೆಳಗೆ ಹೋಗಿ ಕಪ್ಪಾಗುತ್ತಿತ್ತು.

"ಕೈ ಚಾಚಿದ್ರೆ ಸಾಕಿತ್ತು. ಯಾರೂ ನೋಡ್ತಿರ್ಲಿಲ್ಲ. ಮಾಡೋಣ ಅಂತಾನೇ ಹೋಗಿದ್ದೆ. ಅಪ್ಪ ನೆನಪಾದ್ರು ಅಮ್ಮ. ವಾಟರ್‌ವರ್ಕ್ಸ್‌ನಲ್ಲಿ ಅಷ್ಟು ವರ್ಷ ಇದ್ದು, ಕೆರೆಗೆ ಯಾರಾದ್ರೂ ಎಮ್ಮೆ ಇಳಿಸಿದ್ರೆ ಸೈಕಲ್ ಬಿಸಾಕಿ ಓಡ್ತಿದ್ರಲ್ಲ. ಯಾರೂ ಏನೂ ಹಾಕದಿರೋ ನೀರು ಅದು. ಅವರ ಹೆಸರಲ್ಲೇ ನಾನು ಹಾಕ್ಲಾ?"



ಅಲ್ಲಿಂದ ವಾಪಸು ಬಂದು ಅಡುಗೆ ಟೆಂಟಿನಲ್ಲಿ ತಟ್ಟೆ ತೊಳೆಯುವ ಬೋಗುಣಿಯನ್ನು ಒರೆಸಿಟ್ಟುಕೊಂಡರು. ದಕ್ಷಿಣ ಯಾವುದೆಂದು ನೋಡಿದರು. ಆ ಕಡೆ ಹಿಮನದಿಯ ಗೋಡೆ ಇತ್ತು. ಜನಿವಾರವನ್ನು ಬಲ ಹೆಗಲಿಗೆ ತರಲು ನಾಲ್ಕು ಪದರ ಬಟ್ಟೆ ಬಿಚ್ಚಬೇಕಾಯಿತು. ಅಪ್ಪ, ಅಜ್ಜ, ಮುತ್ತಜ್ಜ, ಮೂರು ಹೆಸರನ್ನೂ ಹೇಳಿ ಮೂರು ಮೂರು ಸಲ ಎಳ್ಳು ನೀರನ್ನು ಬೋಗುಣಿಗೆ ಬಿಟ್ಟರು. ಮುಗಿಯುವ ಹೊತ್ತಿಗೆ ಜೊತೆಯವನೊಬ್ಬ ಒಳಗೆ ಬಂದು ಬೋಗುಣಿ ನೋಡಿ ಇದು ಸೂಪಾ ಎಂದು ಕೇಳಿದ. ಅಲ್ಲ ಎಂದರು. ಹಾಗಾದರೆ ಡ್ರಮ್ಮಿಗೆ ಹಾಕಲೇ ಎಂದ. ಹಾಕು ಎಂದರು. ಅವನು ಹಾಕಿ, ನಿಯಮದಂತೆ ಎಷ್ಟು ಕೊಳಕು ನೀರು ಎಂದು ಪುಸ್ತಕದಲ್ಲಿ ಬರೆದ.

"ಅದನ್ನ ಆ ಹಾಲ್‌ನಲ್ಲಿ ಹೇಗೆ ಹೇಳ್ಲಿ? ಉಚ್ಚೆ ಡ್ರಮ್ ಪಕ್ಕದ ಡ್ರಮ್‌ಗೆ ಅಂತ?"

ನನ್ನ ವಾದದಲ್ಲಿದ್ದ ತೂತು ಆ ಸರೋವರದ್ದಕ್ಕಿಂತ ದೊಡ್ಡದು. ಸರೋವರದಲ್ಲಿ ಬಿಡಲು ಸಾಧ್ಯವಿಲ್ಲ, ಆದ್ದರಿಂದ ಬಿಟ್ಟೇ ಇಲ್ಲ ಎಂದು ತೀರ್ಮಾನಿಸಿದ್ದೆ. ಬೋಗುಣಿ ಇರಬಹುದೆಂದು ಹೊಳೆದಿರಲಿಲ್ಲ. ಯಾವ ತೀರ್ಪುಗಾರರೂ ಇದನ್ನು ಮನ್ನಿಸುವುದಿಲ್ಲ.

ಡ್ರಮ್ಮಿನ ಬಗ್ಗೆ ಅಜ್ಜಿ ತಲೆ ಕೆಡಿಸಿಕೊಳ್ಳಲಿಲ್ಲ. "ಬಿಟ್ಟ ಮೇಲೆ ನೀರು ಎಲ್ಲಿಗಾದ್ರೂ ಹೋಗ್ಲಿ. ಸಿಂಕಲ್ಲಿ ಬಿಡೋರಿಲ್ವಾ ಈ ದೇಶದಲ್ಲಿ? ಸ್ನಾನ ಮಾಡಿದ್ಯಾ?"

ಅಂಕಲ್ ಕನ್ನಡಿ ನೋಡಿ ಮತ್ತೆ ಲೇನ್ ಬದಲಿಸಿದರು.

"ಸ್ನಾನ ಮಾಡಿ ಕೂತ್ಯೇನೋ?"

"ಅಲ್ಲಿ ಸ್ನಾನ ಇಲ್ಲಮ್ಮ. ಮೂರು ವಾರ ಆಗಿತ್ತು."

"ಮೂರು ವಾರ! ನೀರು ಕಾಯಿಸೋಕೆ ಅಂತಾನೇ ಹೋದವನಿಗೆ ಸ್ನಾನಕ್ಕೆ ನೀರಿರ್ಲಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಅಂಕಲ್ ಕೂಡ ನಕ್ಕರು. ಅಜ್ಜಿ ನಗಲಿಲ್ಲ.

"ಸ್ನಾನ ಆಗದೆ ಇರೋ ಕಡೆ ನಾಲ್ಕು ಹನಿ ತಲೆ ಮೇಲೆ ಪ್ರೋಕ್ಷಣೆ ಮಾಡ್ಕೊಂಡ್ರೂ ನಡೆಯತ್ತೆ. ಜ್ವರ ಬಂದೋರು ಮಾಡಲ್ವಾ? ಅದನ್ನಾದ್ರೂ ಮಾಡ್ಕೊಂಡ್ಯಾ?"

ಅಂಕಲ್ ನಗು ನಿಂತಿತು. "ಮರೆತೆ," ಎಂದರು. "ಹೊಳೀಲೇ ಇಲ್ಲಮ್ಮ."

"ಹಾಗಾದ್ರೆ ಆಗಿಲ್ಲ."

"ಆಗಿದೆ."

"ಆಗಿಲ್ಲ ಕಣೋ. ಬುಧವಾರ ಮಾಡು."

"ಮಾಡಲ್ಲ. ಹನ್ನೊಂದು ವರ್ಷ ನೀನು ಹೇಳಿದೆ ಅಂತ ಮಾಡಿದೀನಿ. ಇದೊಂದು ಸಲ ನಾನಾಗಿ ಮಾಡಿದೀನಿ. ಅದನ್ನ ಆಗಿಲ್ಲ ಅನ್ನಬೇಡ."

ನಾರ್ತ್ ಕೆರೊಲಿನಾದ ಗಡಿ ದಾಟಿದ ಮೇಲೆ ಸಿಗುವ ಮೊದಲ ರೆಸ್ಟ್ ಏರಿಯಾದಲ್ಲಿ ನಿಂತೆವು. ಮರದ ಬೆಂಚಿನ ಮೇಲೆ ಅಜ್ಜಿ ಮೊಸರನ್ನ ಬಡಿಸಿ, ಒಂದು ತುತ್ತೂ ಬಾಯಿಗಿಡದೆ ನನ್ನ ಕಡೆ ತಿರುಗಿದರು. "ನೀನು ಹೇಳು, ಲಾಯರಮ್ಮ. ಆಗಿದೆಯಾ, ಇಲ್ವಾ?"

ಹಿಂದಿನ ದಿನ ಅಂಕಲ್ ವಿರುದ್ಧ ನಿಂತಿದ್ದವಳು ಈಗ ಅವರ ಪರ ನಿಂತೆ. ನಮಗೆ ಅದರ ತರಬೇತಿ ಇದೆ, ಒಂದೇ ದಿನ ಎರಡೂ ಪಕ್ಷ ವಹಿಸುತ್ತೇವೆ. "ಅಜ್ಜಿ, ನೀವೇ ಹೇಳಿದ್ರಲ್ಲ, ಆಗದೇ ಇರೋ ಕಡೆ ಎಕ್ಸೆಪ್ಷನ್ ಇದೆ ಅಂತ. ರೂಲ್‌ಗಿಂತ ಮನಸ್ಸು ಮುಖ್ಯ ಅಂತ ಆಯ್ತಲ್ಲ?"

"ಇಲ್ಲ. ಆಗದೇ ಇರೋ ಕಡೆಗೂ ಒಂದು ರೂಲ್ ಇದೆ ಅಂತ ಆಯ್ತು. ನಾಲ್ಕು ಹನಿ. ಅಷ್ಟೂ ಮಾಡ್ಲಿಲ್ಲ ಅವನು."

"ಆದ್ರೆ ಅಂಕಲ್‌ಗೆ ಅದು ರಿಯಲ್ ಆಗಿತ್ತು."

"ಇರಬಹುದು. ಶ್ರಾದ್ಧ ಅವನಿಗಾ, ಅವರಪ್ಪನಿಗಾ?"

ನಾನು ಮೊಸರನ್ನಕ್ಕೆ ಕೈ ಹಾಕಿದೆ. ಮಾರನೆಯ ದಿನದ ಟೂರ್ನಮೆಂಟಿನಲ್ಲಿ ನಾನು ಎಲ್ಲ ಸುತ್ತುಗಳನ್ನೂ ಗೆದ್ದೆ. ಆ ವಾರಾಂತ್ಯ ನನ್ನನ್ನು ಸೋಲಿಸಿದವರು ಇಂಗ್ಲಿಷ್ ಬಾರದ ಅಜ್ಜಿ ಒಬ್ಬರೇ.

ಬುಧವಾರ ಬೆಳಿಗ್ಗೆ ಎರಡು ಇಂಚು ಹಿಮ ಬಿತ್ತು. ನಮ್ಮ ಕೌಂಟಿಯಲ್ಲಿ ಅಷ್ಟಕ್ಕೇ ಶಾಲೆ ಮುಚ್ಚುತ್ತಾರೆ. ಅಂಕಲ್ ಎಂದಿನಂತೆ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಸ್ನಾನ ಮಾಡಿ, ಏನೂ ತಿನ್ನದೆ, ಬಾಳೆಕಾಯಿ ಪಲ್ಯ, ಗೊಜ್ಜು, ವಡೆ ಎಲ್ಲ ಮಾಡಿಟ್ಟಿದ್ದರು. ಅವನು ಬರುವುದಿಲ್ಲ ಎಂದು ಅವರು ಹೇಳಲಿಲ್ಲ, ಬರುತ್ತಾನೆ ಎಂದೂ ಹೇಳಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಹನ್ನೆರಡಾಯಿತು. ಒಂದು ಗಂಟೆಗೆ ಸ್ವಲ್ಪ ಮುಂಚೆ ಅವರ ಕಾರು ಗುಡ್ಡದ ತಿರುವಿನಲ್ಲಿ ಜಾರುತ್ತ, ನಿಲ್ಲುತ್ತ, ಬಂತು. ಅಂಕಲ್ ಒಳಗೆ ಬಂದು ಯಾರ ಮುಖವನ್ನೂ ನೋಡದೆ ಸೀದಾ ಬಚ್ಚಲಿಗೆ ಹೋದರು. ಷವರ್ ಬಹಳ ಹೊತ್ತು ಓಡಿತು.

ಹಿಂದಿನ ಡೆಕ್ಕಿನ ಬಾಗಿಲು ತೆರೆದು, ಒದ್ದೆ ಪಂಚೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತು, ಎಲ್ಲವನ್ನೂ ಕ್ರಮದಿಂದ ಮಾಡಿದರು. ಆ ಪೊಟ್ಟಣದಲ್ಲೇ ಉಳಿದಿದ್ದ ಎಳ್ಳು. ಹೆಸರುಗಳನ್ನು ಗಟ್ಟಿಯಾಗಿ ಹೇಳಿದರು. ನೀರನ್ನು ಡಾಗ್‌ವುಡ್ ಗಿಡದ ಬುಡಕ್ಕೆ ಚೆಲ್ಲಿ ಬಂದರು; ಹಿಮದ ಮೇಲೆ ಕರಿ ಎಳ್ಳು ಸಂಜೆಯವರೆಗೂ ಕಾಣುತ್ತಿತ್ತು. "ಆಯ್ತು," ಎಂದು ಅಜ್ಜಿ ಎಲೆ ಹಾಕಿದರು. ಮೂರು ತಿಂಗಳಲ್ಲಿ ಅವರು ಮತ್ತೊಮ್ಮೆ ಬಡಿಸಿಕೊಂಡು ಹೊಟ್ಟೆ ತುಂಬ ಉಂಡದ್ದನ್ನು ನಾನು ಅವತ್ತೇ ನೋಡಿದ್ದು. ಕೆಲವು ವಾರಗಳ ನಂತರ ಡಲ್ಲೆಸ್‌ನಲ್ಲಿ ವಿಮಾನ ಹತ್ತುವಾಗ ನನ್ನ ಗಲ್ಲ ಹಿಂಡಿ, "ಉಗುಳು ನುಂಗಬೇಡ," ಎಂದು ಹೇಳಿ ಹೋದರು. ನೋವಿನಲ್ಲಿ ಹೊರಟವರು ಹೀಗೆ ಹೊರಡುವುದಿಲ್ಲ.

ಮುಂದಿನ ವರ್ಷ ಅದೇ ತಂಡ ಅಂಕಲ್ ಅವರನ್ನು ಮತ್ತೆ ಕರೆಯಿತು. ಅವರು ಸುರುಳಿಯನ್ನು ಇನ್ನೂ ಚೆನ್ನಾಗಿ ಮಾಡಿಕೊಟ್ಟು ಬೇರೆಯವರನ್ನು ಕಳಿಸಿದರು. ಚಳಿಗೆ ಹೆದರಿದರು ಎಂದು ನಮ್ಮವರು ಅದಕ್ಕೂ ಕಾರಣ ಹುಡುಕಿಟ್ಟಿದ್ದಾರೆ. ತೂತಿನೊಳಗೆ ತರ್ಪಣ ಬಿಟ್ಟ ಕಥೆಯನ್ನು ಅಂಕಲ್ ಒಮ್ಮೆಯೂ ತಿದ್ದಲಿಲ್ಲ. ನಾನೂ ಬೋಗುಣಿಯ ವಿಷಯವನ್ನು ಯಾರಿಗೂ ಹೇಳಲಿಲ್ಲ. ಈಗ ಬರೆಯುತ್ತೇನೆ ಎಂದಾಗ ಅವರು, "ಬರಿ. ನಿಜ ಇದ್ದದ್ದು ಬರಿ," ಎಂದರು.

ಅವರೀಗ ಅಟ್ಲಾಂಟಾ ಹತ್ತಿರ ಡುಲುತ್‌ನಲ್ಲಿದ್ದಾರೆ. ನಾನೂ ಇಲ್ಲೇ ಕಾಲೇಜು ಓದುತ್ತಿರುವುದರಿಂದ ವಾರಕ್ಕೊಮ್ಮೆ ಸಾರು-ಅನ್ನಕ್ಕೆ ಹೋಗುತ್ತೇನೆ. ಕಳೆದ ಡಿಸೆಂಬರ್‌ನಲ್ಲಿ ಹೋದ ದಿನ ಅವರ ತಂದೆಯ ತಿಥಿ. ಸ್ನಾನ ಮಾಡಿ, ಅಜ್ಜಿ ಕಲಿಸಿದಂತೆ ಎಲ್ಲ ಮಾಡಿ, ಮೈಸೂರಿಗೆ ಫೋನ್ ಮಾಡಿ, "ಆಯ್ತಮ್ಮ, ಹೂಂ, ಸ್ನಾನ ಮಾಡಿದೆ," ಎಂದು ವರದಿ ಒಪ್ಪಿಸಿ ಇಟ್ಟರು. ಊಟವಾಯಿತು. ಅವರು ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸಿಡುತ್ತಿದ್ದೆ. ಐದು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಅವರು ನಲ್ಲಿ ನಿಲ್ಲಿಸಿದರು, ತಟ್ಟೆಯನ್ನು ನನ್ನ ಕೈಗೆ ಕೊಡದೆ ಹಾಗೇ ಹಿಡಿದು ನಿಂತರು. ಇನ್ನೂ ಹೇಳಿಲ್ಲ. ಅದನ್ನೇ ಇಲ್ಲಿ ಮತ್ತೆ ಬರೆಯುತ್ತೇನೆ, ಇದನ್ನು ಅವರು ಓದುತ್ತಾರೆಂದು ಗೊತ್ತು.

ಅಂಕಲ್, ಆ ಬುಧವಾರ ಹಿಮದಲ್ಲಿ ಡ್ರೈವ್ ಮಾಡ್ಕೊಂಡು ಬಂದ್ರಲ್ಲ, ಟೆಂಟಲ್ಲಿ ಮಾಡಿದ್ದು ಆಗಿಲ್ಲ ಅಂತ ಒಪ್ಕೊಂಡು ಬಂದ್ರಾ, ಇಲ್ಲಾ ಆಗಿದೆ ಅಂತ ಗೊತ್ತಿದ್ದೂ ಅಜ್ಜಿಗೋಸ್ಕರ ಬಂದ್ರಾ?